ಕಣ್ಣಿನ ಕ್ಯಾಂಪು ಹುಡುಕಿಕೊಂಡು ಬಂದ ಯಮನಮ್ಮ

ಪಾಮನಕಲ್ಲೂರಿನ ಯಮನಮ್ಮ ಮೊದಲ ಸಲ ನಮ್ಮ ಸ್ಟಾಪಿನಲ್ಲಿ ಇಳಿದಾಗ ನಾನು ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದೆ. ಬಸ್ಸು ದಢೇಸುಗೂರಿನ ಕಡೆ ಹೋಯಿತು, ಧೂಳು ಅಡಗಿತು, ಆಕೆ ಮಾತ್ರ ಇಳಿದ ಜಾಗದಲ್ಲೇ ನಿಂತಿದ್ದಳು. ಬಗಲಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಆಧಾರ್ ಕಾರ್ಡು. ತಲೆಯನ್ನು ಸ್ವಲ್ಪ ಮೇಲಕ್ಕೆತ್ತಿ, ಕಿವಿಯಿಂದಲೇ ನೋಡುವವರ ಹಾಗೆ ಸುತ್ತ ತಿರುಗಿದಳು.

"ಯಾರರ ಅದೀರೇನ್ರೀ ಇಲ್ಲಿ?"

"ಅದೀನಿ ಯವ್ವಾ, ಬರ್ರಿ ನೆರಳಿಗೆ," ಎಂದೆ.

"ಕಣ್ಣಿನ ಕ್ಯಾಂಪ್ ಇದೇ ಏನವ್ವಾ?"

ನಮ್ಮ ಊರಿನ ಹೆಸರು ಕನ್ನಯ್ಯ ಕ್ಯಾಂಪು. ಬೋರ್ಡಿನ ಮೇಲೆ ಹಾಗೆ ಬರೆದಿದೆ. ಸುತ್ತಲಿನ ಜನರ ಬಾಯಲ್ಲಿ ಅದು ಕಣ್ಣಯ್ನ ಕ್ಯಾಂಪ್. ನನಗೆ ಕೇಳಿಸಿದ್ದೂ ಅದೇ.

"ಹೌದು, ಇದೇ."

"ಹಂಗಾರ ಡಾಕ್ಟರ್ ಎಲ್ಲಿ ಕುಂತಾರ?"

"ಯಾವ ಡಾಕ್ಟರ್ ಯವ್ವಾ?"

"ಕಣ್ಣಿನ ಡಾಕ್ಟರ್ ಬೇ! ಕಣ್ಣಿನ ಕ್ಯಾಂಪಿನ್ಯಾಗ ಕಿವಿ ಡಾಕ್ಟರ್ ಇರ್ತಾನೇನು?"

ಆಗ ನನಗೆ ಏನಾಗಿದೆ ಎಂದು ಹೊಳೆಯಿತು. ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆ. ಆಕೆ ಕುಡಿದಳು, ಬಾಯಿ ಒರೆಸಿಕೊಂಡಳು, ನಿಧಾನವಾಗಿ ಎಲ್ಲ ಹೇಳಿದಳು. ಹಿಂದಿನ ದಿನ ಪಾಮನಕಲ್ಲೂರಿನ ಓಣಿಯಲ್ಲಿ ಮೈಕು ಕಟ್ಟಿದ ಆಟೋ ಬಂದಿತ್ತು. ನಾಳೆ ಭಾನುವಾರ ಸಿಂಧನೂರಿನಲ್ಲಿ ಉಚಿತ ಕಣ್ಣಿನ ಕ್ಯಾಂಪ್, ಪೊರೆ ಬಂದವರಿಗೆ ಆಪರೇಷನ್ ಮಾಡಿಸುತ್ತಾರೆ, ಎಲ್ಲರೂ ಬನ್ನಿ ಎಂದು ಕೂಗಿ ಹೋಗಿತ್ತು. ಮಗ ದುರುಗೇಶ, ಸೊಸೆ ಮಹೇಶ್ವರಿ ಇಬ್ಬರೂ ಬೆಳಿಗ್ಗೆಯೇ ಹತ್ತಿ ಬಿಡಿಸಲು ಹೋಗಿದ್ದರು. ಆಕೆ ಗಂಟು ಕಟ್ಟಿಕೊಂಡು ಒಬ್ಬಳೇ ಹೊರಟಿದ್ದಳು. ಮಸ್ಕಿಗೆ ಒಂದು ಬಸ್ಸು, ಮಸ್ಕಿಯಿಂದ ಸಿಂಧನೂರಿಗೆ ಇನ್ನೊಂದು. ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸಿನ ಕಂಡಕ್ಟರನ್ನು "ಕಣ್ಣಿನ ಕ್ಯಾಂಪಿಗೆ ಹೋಗ್ತೈತೇನಪ್ಪಾ?" ಎಂದು ಕೇಳಿದ್ದಳು. ಆತ "ಹತ್ರಿ ಯವ್ವಾ" ಎಂದು ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟಿದ್ದ.

ನಮ್ಮ ಕಡೆ ಕ್ಯಾಂಪು ಎಂದರೆ ಊರು. ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು, ಜಾಲಿ ಕಡಿದು, ಗದ್ದೆ ಮಾಡಿ, ಅಲ್ಲೇ ಮನೆ ಕಟ್ಟಿಕೊಂಡರು. ಒಬ್ಬೊಬ್ಬ ಹಿರಿಯನ ಹೆಸರಿಗೆ ಕ್ಯಾಂಪು ಎಂದು ಸೇರಿಸಿ ಊರುಗಳಾದವು. ಯಮನಮ್ಮ ಹರೆಯದಲ್ಲಿ ನೆಲ್ಲು ಹಚ್ಚುವ, ಎಂದರೆ ಭತ್ತ ನಾಟಿ ಮಾಡುವ ಕೂಲಿಗೆ ಇಂಥ ಎಷ್ಟೋ ಕ್ಯಾಂಪುಗಳಿಗೆ ಬಂದವಳು. ಆ ಕ್ಯಾಂಪು, ಈ ಕ್ಯಾಂಪು ಇರುವ ಹಾಗೆ ಕಣ್ಣಿನ ಕ್ಯಾಂಪು ಎಂಬ ಒಂದು ಊರು ಸಿಂಧನೂರಿನ ಆಸುಪಾಸಿನಲ್ಲಿ ಇದ್ದೇ ಇರುತ್ತದೆ ಎಂದು ಆಕೆ ನಂಬಿದ್ದರಲ್ಲಿ ತಪ್ಪೇನು? ಮೈಕಿನವರು ಸರಿಯಾಗಿ ಹೇಳಿದ್ದರು. ಆಕೆ ಸರಿಯಾಗಿ ಕೇಳಿಸಿಕೊಂಡಿದ್ದಳು. ಕಂಡಕ್ಟರ್ ತನಗೆ ಗೊತ್ತಿದ್ದ ಊರಿಗೆ ಟಿಕೆಟ್ ಕೊಟ್ಟಿದ್ದ. ನಾನೂ ಹೌದು ಎಂದಿದ್ದೆ. ಎಲ್ಲರೂ ಸರಿಯಿದ್ದು ಆಕೆಯೊಬ್ಬಳು ತಪ್ಪು ಜಾಗದಲ್ಲಿ ಕೂತಿದ್ದಳು.

ಎಡಗಣ್ಣು ಹಾಲು ಬಿದ್ದ ಹಾಗೆ ಬೆಳ್ಳಗಾಗಿತ್ತು. ಬಲಗಣ್ಣಿಗೂ ಮಂಜು ಕವಿದಿತ್ತು. ಆಕೆಯ ಕಸುಬು ಕೌದಿ ಹೊಲಿಯುವುದು. ಮನೆಮನೆಗೆ ಹೋಗಿ ಹಳೆಯ ಸೀರೆ, ಧೋತರ ಹಾಸಿ, ಪದರಿನ ಮೇಲೆ ಪದರು ಇಟ್ಟು ಹೊಲಿದುಕೊಡುತ್ತಾಳೆ. ಪಾಮನಕಲ್ಲೂರಿನಿಂದ ಹಿಡಿದು ಲಿಂಗಸುಗೂರಿನ ಕಡೆಯ ತವರೂರಿನವರೆಗೆ ಆಕೆಯ ಕೌದಿ ಹೊದ್ದು ಮಲಗುವ ಮನೆಗಳಿವೆ.

"ಹೊಲಿಗಿ ಕೈಗೆ ಗೊತ್ತೈತಿ ತಂಗಿ. ಸೂಜಿ ಕಣ್ಣಾಗ ದಾರ ಹಾಕಾದು ಮಾತ್ರ ಕೈಗೆ ಗೊತ್ತಾಗವಲ್ದು. ಸೂಜೀಗೂ ಕಣ್ಣು ಬೇಕು, ನನಗೂ ಕಣ್ಣು ಬೇಕು. ಈ ಬಲಗಣ್ಣೂ ಹೋತಂದ್ರ ನಾ ಮೂಲ್ಯಾಗ ಕುಂತು ರೊಟ್ಟಿ ಎಣಿಸಬೇಕು."

ಅಷ್ಟು ಹೇಳಿ ಗಂಟು ಬಿಚ್ಚಿ, ಬಟ್ಟೆಗೆ ಚುಚ್ಚಿದ್ದ ಸೂಜಿಗಳನ್ನು ನನ್ನ ಮುಂದೆ ಹಿಡಿದಳು. "ಎಲ್ಲಾಕೂ ದಾರ ಹಾಕಿಕೊಡು. ಡಾಕ್ಟರ್ ಸಿಗೂತನ ಕೈ ಸುಮ್ನ ಯಾಕಿರಬೇಕು?"

ನಾನು ದಾರ ಪೋಣಿಸುತ್ತ ರೂಪಾಳನ್ನು ಕೂಗಿದೆ. ರೂಪಾ ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮೇಡಂ. ಅಂಗಡಿಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದಾಳೆ. ವಿಷಯ ಕೇಳಿ ನಗಬೇಕೋ ಮರುಗಬೇಕೋ ತಿಳಿಯದೆ ನಿಂತಳು. ಅಲ್ಲಿ ಇಲ್ಲಿ ಫೋನು ಮಾಡಿ, ಕ್ಯಾಂಪು ಸಿಂಧನೂರಿನ ಒಂದು ಶಾಲೆಯ ಅಂಗಳದಲ್ಲಿ ನಡೆದಿದೆ, ಮಧ್ಯಾಹ್ನದವರೆಗೆ ಇರುತ್ತದೆ ಎಂದು ತಿಳಿದುಕೊಂಡಳು. ಆಗಲೇ ಹೊತ್ತು ನೆತ್ತಿಗೆ ಬಂದಿತ್ತು. ನಾನು ಅಂಗಡಿಯ ಕದ ಎಳೆದೆ. ಮೂವರೂ ಆಟೋ ಹತ್ತಿದೆವು.

ಶಾಲೆ ಮುಟ್ಟಿದಾಗ ಇಬ್ಬರು ಆಳುಗಳು ಶಾಮಿಯಾನ ಮಡಚುತ್ತಿದ್ದರು. ಕುರ್ಚಿಗಳು ಟೆಂಪೋ ಏರುತ್ತಿದ್ದವು. ಅನಿಲಕುಮಾರ ಎಂಬ ಆಸ್ಪತ್ರೆಯ ನೌಕರ ಉಸ್ತುವಾರಿ ನೋಡುತ್ತಿದ್ದ. ಒಳ್ಳೆಯ ಮನುಷ್ಯ. ನಮ್ಮನ್ನು ಕಂಡು ತಾನೇ ಹತ್ತಿರ ಬಂದ.

"ತಡಾ ಮಾಡಿದ್ರಲ್ಲಮ್ಮಾ. ಡಾಕ್ಟರು ಹೋದ್ರು. ಕ್ಯಾಂಪ್ ಎತ್ತಿಬಿಟ್ವಿ."

"ಏನು ಎತ್ತಿದ್ರಿ?" ಯಮನಮ್ಮ ಕೇಳಿದಳು.

"ಕ್ಯಾಂಪ್."

ಆಕೆ ನಕ್ಕುಬಿಟ್ಟಳು. "ಕ್ಯಾಂಪ್ ಎತ್ತಾಕ ಬರ್ತೈತೇನೋ ಯಪ್ಪಾ? ನಾ ನೆಲ್ಲು ಹಚ್ಚಿದ ಕ್ಯಾಂಪ್ ಒಂದೂ ಎದ್ದು ಹೋಗಿಲ್ಲ. ಗುಡಿ ಅದಾವು, ಸಾಲಿ ಅದಾವು, ರೈಸ್ ಮಿಲ್ ಅದಾವು. ನಿಂದೆಂಥಾ ಕ್ಯಾಂಪೋ, ಮಧ್ಯಾಹ್ನಕ್ಕ ಮಡಚಿ ಟೆಂಪೋದಾಗ ಹಾಕ್ತೀ?"

ಅನಿಲಕುಮಾರನೂ ನಕ್ಕ. ಆದರೆ ಆಕೆಯ ಎಡಗಣ್ಣನ್ನು ಬೆಳಕಿಗೆ ಹಿಡಿದು ನೋಡಿದಾಗ ನಗೆ ನಿಂತಿತು. "ಪೂರಾ ಹಣ್ಣಾಗೈತಿ ಈ ಪೊರೆ. ಬಾಳ ದಿನ ಬಿಡಬಾರದು. ರಾಯಚೂರಿಗೆ ಹೋಗಿಬಿಡ್ರಿ, ಸರ್ಕಾರಿ ದವಾಖಾನ್ಯಾಗ ಮಾಡ್ತಾರ. ನಮ್ಮ ಮುಂದಿನ ಕ್ಯಾಂಪ್ ಎರಡು ತಿಂಗಳ ಮ್ಯಾಲ. ಎಲ್ಲಿ ಅಂತ ಇನ್ನಾ ಗೊತ್ತಿಲ್ಲ."

"ಎಲ್ಲಿಡಬೇಕು ಅಂತ ಯಾರು ಹೇಳ್ತಾರ?"

"ಹಿಂಗೇ. ಜನ ಬರ್ತಾರ ಅಂದ್ರ ಎಲ್ಲಿಗಾದ್ರೂ ಬರ್ತೀವಿ. ಒಂದು ದೊಡ್ಡ ಖೋಲಿ, ನೀರು, ನೆರಳು ಇರಬೇಕು."

ಯಮನಮ್ಮ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದಳು, ಸಾಕ್ಷಿಗೆ ತಂದು ನಿಲ್ಲಿಸಿದ ಹಾಗೆ.

"ಹಂಗಾರ ನಿನ್ನ ಏಳೋ ಕ್ಯಾಂಪ್ ತಂದು ಈಕಿ ಕುಂತ ಕ್ಯಾಂಪಿನ್ಯಾಗ ಇಡು. ಜನಾ ನಾ ತರ್ತೀನಿ."

"ನೋಡಮ್ಮಾ, ಖಾಲಿ ಕುರ್ಚಿ ತೋರಸಾಕ ಡಾಕ್ಟರನ್ನ ಕರಸಿದ್ರ ಮತ್ತ ಈ ಕಡೆ ಬರಾಂಗಿಲ್ಲ ಅವ್ರು."

"ನನ್ನ ಕಣ್ಣು ಕಾಣಾಂಗಿಲ್ಲ ಖರೆ. ನನ್ನ ಮಾತು ಕುರುಡಲ್ಲ."

ಅನಿಲಕುಮಾರ ರೂಪಾಳಿಗೆ ತನ್ನ ನಂಬರು ಕೊಟ್ಟ.

ಪಾಮನಕಲ್ಲೂರಿಗೆ ತಿರುಗಿ ಹೋಗಲು ಹೊತ್ತಾಗಿತ್ತು. ಆ ದಿನ ಆಕೆ ನಮ್ಮ ಮನೆಯಲ್ಲೇ ಉಳಿದಳು. ನಾನು ದೀಪ ಹಚ್ಚಿ ಅಂಬಾದೇವಿಯ ಮುಂದೆ ಕೂತಾಗ, ಆಕೆಯೂ ಪಕ್ಕದಲ್ಲಿ ಕೂತು ಯಮನೂರಪ್ಪನನ್ನು ನೆನೆದಳು. ಅಷ್ಟರಲ್ಲಿ ಆಕೆಯ ಗಂಟಿನೊಳಗಿನ ಮೊಬೈಲಿಗೆ ದುರುಗೇಶನ ಫೋನು ಬಂತು. ಅವನ ಕೂಗು ಹೊರಗಿನವರೆಗೆ ಕೇಳುತ್ತಿತ್ತು.

"ಎಲ್ಲಿ ಹೋಗೀದಿ ಬೇ ಯವ್ವಾ? ಊರೆಲ್ಲಾ ಹುಡುಕಾಕತ್ತೀವಿ!"

"ಕಣ್ಣಿನ ಕ್ಯಾಂಪಿಗೆ ಬಂದೀನಿ."

"ಅದನ್ನ ಎತ್ತ್ಯಾರಂತಲ್ಲ!"

"ಎತ್ತಿಲ್ಲ ಬಿಡಲೇ. ಇಲ್ಲೇ ಐತಿ. ಅನ್ನ ಸಾರು ಉಣ್ಣಾಕತ್ತೀನಿ."

ಊಟವಾದ ಮೇಲೆ ವೆಂಕಾಯಮ್ಮ ಬಂದು ಕಟ್ಟೆಯ ಮೇಲೆ ಕೂತರು. ನಮ್ಮ ಕ್ಯಾಂಪಿಗೆ ಹೆಸರು ಕೊಟ್ಟ ಕನ್ನಯ್ಯನವರ ಹಿರಿಯ ಸೊಸೆ. ಮದುವೆಯಾಗಿ ಬಂದಾಗ ಇಲ್ಲಿ ಮನೆಯಿರಲಿಲ್ಲ, ಗುಡಾರವಿತ್ತು. ಅವರ ಕಣ್ಣಿಗೂ ಪೊರೆ ಬಂದಿದೆ, ಆಪರೇಷನ್ ಅಂದರೆ ಮಾತ್ರ ಮಾತು ಬದಲಿಸುತ್ತಾರೆ.

"ಏಮಮ್ಮಾ, ನಮ್ಮ ಊರನ್ನ ಆಸ್ಪತ್ರೆ ಮಾಡಿದಿಯಂತೆ?" ಎಂದು ಯಮನಮ್ಮನನ್ನು ಕೆಣಕಿದರು.

"ಮಾಡಿಲ್ಲರೀ, ಮಾಡಾಕಿ ಅದೀನಿ."

ಯಮನಮ್ಮನಿಗೆ ಒಂದು ವಿಷಯ ತಲೆಯಿಂದ ಹೋಗಿರಲಿಲ್ಲ. ರೂಪಾಳ ಕಡೆ ಮುಖ ಮಾಡಿ ಕೇಳಿದಳು, "ಅಲ್ಲವ್ವಾ, ನೀ ಇಂಗ್ಲಿಷ್ ಓದಿದಾಕಿ. ಒಂದ ಮಾತು, ಒಂದು ಕ್ಯಾಂಪ್ ಕುಂದ್ರತೈತಿ, ಒಂದು ಕ್ಯಾಂಪ್ ಎದ್ದು ಹೋಗತೈತಿ. ಯಾವುದು ಖರೇ ಕ್ಯಾಂಪು?"

ರೂಪಾ ಮೊಬೈಲಿನಲ್ಲಿ ನಿಘಂಟು ತೆಗೆದು ಓದಿದಳು. ಓದುತ್ತ ಅವಳಿಗೇ ಬೆರಗಾಯಿತು.

"ಆಯಿ, ಈ ಮಾತು ಇಂಗ್ಲಿಷಿನದೂ ಅಲ್ಲ. ಇಂಗ್ಲಿಷಿಗೆ ಫ್ರೆಂಚಿನಿಂದ ಬಂತು. ಇನ್ನೂ ಹಿಂದೆ ಹೋದರೆ ರೋಮಿನವರ ಲ್ಯಾಟಿನ್ ಭಾಷೆ. ಅಲ್ಲಿ ಕಾಂಪುಸ್ ಅಂತಿತ್ತು. ಕಾಂಪುಸ್ ಅಂದರೆ ಬಯಲು. ಸಮತಟ್ಟಾದ ನೆಲ, ಹೊಲ."

"ಹೊಲಾ?"

"ಹೂಂ. ಆ ಬಯಲಲ್ಲಿ ಸೈನ್ಯದವರು ಕವಾಯತು ಮಾಡುತ್ತಿದ್ದರು. ಬರಬರುತ್ತ ಸೈನ್ಯ ಗುಡಾರ ಹಾಕಿ ಇಳಿದ ಜಾಗಕ್ಕೆ ಕ್ಯಾಂಪ್ ಅಂದರು. ಗುಡಾರಗಳಿಗೂ ಅದೇ ಹೆಸರಾಯಿತು. ಈಗ ನಾಲ್ಕು ದಿನ ಒಂದು ಕಡೆ ಕೂತು ಮಾಡುವ ಯಾವ ಕೆಲಸವಾದರೂ ಕ್ಯಾಂಪೇ. ಕಣ್ಣಿನ ಕ್ಯಾಂಪ್, ರಕ್ತದ ಕ್ಯಾಂಪ್, ಆಧಾರ್ ಕ್ಯಾಂಪ್. ಓಟಿನ ಟೈಮಿನಲ್ಲಿ ಕ್ಯಾಂಪೇನ್ ಅಂತಾರಲ್ಲ, ಅದೂ ಇದೇ ಬಯಲಿನಿಂದ ಹುಟ್ಟಿದ್ದು. ಚಾಂಪಿಯನ್ ಅಂತಾರಲ್ಲ, ಬಯಲಿಗಿಳಿದು ಕಾದಾಡಿದವನು ಅಂತ ಅದರ ಮೂಲ."

ವೆಂಕಾಯಮ್ಮ ಮೆಲ್ಲಗೆ ಹೇಳಿದರು, "ನಾವು ಬಂದ ಹೊಸತರಲ್ಲಿ ಎಲ್ಲರೂ ಕೇಳ್ತಿದ್ರು, ಕ್ಯಾಂಪ್ ಯಾವಾಗ ಎತ್ತುತೀರಿ ಅಂತ. ನನ್ನ ಮಕ್ಕಳು ಇಲ್ಲೇ ಹುಟ್ಟಿದರು, ಮೊಮ್ಮಕ್ಕಳು ಇಲ್ಲೇ ಹುಟ್ಟಿದರು. ಇವತ್ತಿಗೂ ಪೇಟೆಗೆ ಹೋದರೆ, ನೀವು ಕ್ಯಾಂಪಿನವರಾ ಅಂತಾರೆ. ಊರಿನವರಾ ಅಂತ ಒಬ್ಬರೂ ಕೇಳಲ್ಲ."

"ಕೇಳಿದ್ರಲ್ರೀ ಈಗ? ಮೊದಲು ಹೊಲ ಇತ್ತಂತ," ಯಮನಮ್ಮ ಅಂದಳು. "ಗುಡಾರ ಆಮ್ಯಾಲ. ನಮ್ಮ ಕೌದಿ ಹಂಗ ಐತಿ ಈ ಮಾತು. ತಳಪದರು ಒಂದ ಇರ್ತೈತಿ. ಅದರ ಮ್ಯಾಲ ಯಾರ್ಯಾರೋ ತಮ್ಮ ಸೀರಿ ತುಂಡು ಹಚ್ಚಿಕೋತ ಹೋಗ್ಯಾರ. ಮ್ಯಾಲಿನ ತುಂಡು ಕಿತ್ತು ಹೋಗತೈತಿ, ತಳಪದರು ಹೋಗಾಂಗಿಲ್ಲ. ನೀವು ತಳಪದರಿನ ಮಂದಿ. ಹೊಲದಾಗ ಅದೀರಿ, ಹೊಲ ಎಲ್ಲಿಗೆ ಹೋಗಬೇಕು?"

ಮತ್ತೆ ಅಂದಳು, "ನಮ್ಮ ಕಡೆ ಮುಕ್ಕಾಂ ಅಂತಾರಲ್ಲ, ಅದೂ ಹಂಗ ನೋಡ್ರಿ. ಮುಕ್ಕಾಂ ಹೂಡ್ಯಾರ ಅಂದ್ರ ನಾಕ ದಿನ ತಂಗ್ಯಾರ ಅಂತ. ಪತ್ರದ ಮ್ಯಾಲ ಮುಕ್ಕಾಂ ಪಾಮನಕಲ್ಲೂರು ಅಂತ ಬರೀತಾರಂತ. ನಾ ಮದಿವ್ಯಾಗಿ ಬಂದಾಗಿಂದ ನೋಡಾಕತ್ತೀನಿ, ಪಾಮನಕಲ್ಲೂರು ಎಲ್ಲಿಗೂ ಹೋಗಿಲ್ಲ."

ವೆಂಕಾಯಮ್ಮ ನಕ್ಕರು. ಎದ್ದು ಹೋಗುವಾಗ ರಾಮಾಲಯದ ಹಾಲ್ ದೊಡ್ಡದಿದೆ, ಫ್ಯಾನೂ ಇದೆ ಎಂದು ಯಾರಿಗೋ ಹೇಳುವ ಹಾಗೆ ಗಾಳಿಗೆ ಹೇಳಿ ಹೋದರು.

ಮರುದಿನ ಬೆಳಿಗ್ಗೆ ಅದೇ ಬಸ್ಸು ತಿರುಗಿ ಸಿಂಧನೂರಿಗೆ ಹೋಗಲು ಬಂತು. ಕಂಡಕ್ಟರ್ ರಫೀಕ್ ಬಾಗಿಲಲ್ಲಿ ನಿಂತಿದ್ದ. ಯಮನಮ್ಮ ದನಿ ಗುರುತು ಹಿಡಿದಳು.

"ನೀನೇನಪ್ಪಾ ನಿನ್ನೆ ನನ್ನ ಇಲ್ಲಿ ಇಳಿಸಿದಾಂವ?"

"ಹೌದು ಯವ್ವಾ. ಕೆಲಸ ಆತೇನು?"

"ಕೆಲಸಾ? ಕಣ್ಣಿನ ಕ್ಯಾಂಪ್ ಅಂದ್ರ ಕಣ್ಣಯ್ನ ಕ್ಯಾಂಪ್ ಅಂತ ಕೇಳತೈತಿ ನಿನಗ. ಮೊದಲು ನಿನ್ನ ಕಿವೀಗೊಂದು ಕ್ಯಾಂಪ್ ಹಾಕಿಸಬೇಕು."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ರಫೀಕ್ ವಿಷಯ ತಿಳಿದು ನಾಲಿಗೆ ಕಚ್ಚಿಕೊಂಡ. "ತಪ್ಪಾತು ಯವ್ವಾ. ಏನು ದಂಡ ಹಾಕ್ತೀರಿ ಹಾಕ್ರಿ."

"ಹಾಕ್ತೀನಿ, ತಡಿ. ಒಂದಿನ ಮಂದಿ ಬಂದು ಕಣ್ಣಿನ ಕ್ಯಾಂಪ್ ಅಂತ ಕೇಳ್ತಾರ. ಆವತ್ತೂ ಹಿಂಗ ತಪ್ಪು ಕೇಳಿಸ್ಕೊಂಡು ಎಲ್ಲಾರನೂ ಇಲ್ಲೇ ಇಳಿಸು."

ರೂಪಾ ಅನಿಲಕುಮಾರನ ಬೆನ್ನು ಬಿಡಲಿಲ್ಲ. ಕೊನೆಗೆ ಆಸ್ಪತ್ರೆಯವರು ಒಪ್ಪಿದರು. ಮುಂದಿನ ಕ್ಯಾಂಪು ಕನ್ನಯ್ಯ ಕ್ಯಾಂಪಿನ ರಾಮಾಲಯದ ಹಾಲಿನಲ್ಲಿ. ಆದರೆ ಅವರ ಮಾತು ಸ್ಪಷ್ಟವಿತ್ತು. ಮಧ್ಯಾಹ್ನದೊಳಗೆ ಜನ ಸೇರದಿದ್ದರೆ ಎದ್ದು ಹೋಗುತ್ತಾರೆ, ಆಪರೇಷನ್ನಿನ ವಾಹನವನ್ನೂ ಕಳಿಸುವುದಿಲ್ಲ.

ಆ ಎರಡು ತಿಂಗಳು ಯಮನಮ್ಮ ಏನು ಮಾಡಿದಳು ಎನ್ನುವುದು ನನಗೆ ಆಮೇಲೆ ಆಕೆಯ ಓಣಿಯ ಹುಸೇನಮ್ಮನಿಂದ ಗೊತ್ತಾಯಿತು. ದುರುಗೇಶ ತಾಯಿಯನ್ನು ರಾಯಚೂರಿಗೆ ಕರೆದುಕೊಂಡು ಹೋಗಲು ತಯಾರಾಗಿ ನಿಂತಿದ್ದನಂತೆ. ಕೂಲಿ ಬಿಟ್ಟು, ಜೊತೆಗೆ ಸೊಸೆಯನ್ನೂ ಹೊರಡಿಸಿಕೊಂಡು. ಯಮನಮ್ಮ ಜಗ್ಗಲಿಲ್ಲ.

"ಹಣ್ಣು ಉದುರಿ ಹೋಗತೈತಿ ಯವ್ವಾ. ಆಮ್ಯಾಲ ದೇವರು ಬಂದ್ರೂ ಕಣ್ಣು ಬರಾಂಗಿಲ್ಲ," ಎಂದು ಮಗ ರೇಗಿದ.

"ನಾ ಮೊದಲು ಮಾಡಿಸ್ಕೊಂಡು ಬಂದ್ರ ಈ ಹುಸೇನಿ ಏನಂತಾಳ? ನಿಂದಾತಲ್ಲ ಯಮನಿ, ನಮಗ್ಯಾಕ ಹೇಳ್ತೀ ಅಂತಾಳ. ಇವರೆಲ್ಲಾ ರಾಯಚೂರು ಅಂದ್ರ ಕದ ಹಾಕ್ಕೋತಾರ. ಕ್ಯಾಂಪ್ ಅಂದ್ರ ಬರ್ತಾರ. ನೆಲ್ಲು ಹಚ್ಚಾಕ ಹೋದ ಹಾದಿ ಕಾಲಿಗೆ ಗೊತ್ತೈತಿ."

ಹಾಗೆ ತನ್ನ ಕಣ್ಣನ್ನೇ ಪಣಕ್ಕಿಟ್ಟು ಆಕೆ ತಿರುಗಿದಳು. ಕೌದಿ ಹೊಲಿಯುವ ನೆಪ ಇದ್ದೇ ಇತ್ತು. ಮಸ್ಕಿಯ ಸಂತೆಯಲ್ಲಿ ಕೂತಳು. ಲಿಂಗಸುಗೂರಿನ ಕಡೆ ತವರೂರಿಗೆ ಹೋಗಿ ಅಣ್ಣನ ಹೆಂಡತಿಯನ್ನು, ಅವಳ ಅಕ್ಕನನ್ನು ಒಪ್ಪಿಸಿದಳು. ಯಾರ ಮನೆಗೆ ಹೋದರೂ ಮೊದಲು ಸೂಜಿ ಚಾಚುತ್ತಿದ್ದಳಂತೆ. ಆ ಮನೆಯ ಮುದುಕಿಗೆ ದಾರ ಹಾಕಲು ಬಂದರೆ ಸುಮ್ಮನಾಗುತ್ತಿದ್ದಳು. ದಾರ ಸೂಜಿಯ ಪಕ್ಕದಲ್ಲಿ ಹಾದುಹೋದರೆ, "ನೀನೂ ನನ್ನ ಗುಂಪಿನಾಕೆ, ನಡಿ ಕಣ್ಣಿನ ಕ್ಯಾಂಪಿಗೆ," ಅನ್ನುತ್ತಿದ್ದಳು. ಕಣ್ಣು ಪರೀಕ್ಷೆ ಮಾಡಲು ಆಕೆಗೆ ಬೇರೆ ಯಂತ್ರ ಬೇಕಾಗಿರಲಿಲ್ಲ.

ಗಂಡಸರನ್ನೂ ಬಿಡಲಿಲ್ಲ. "ನಾ ಹೊಲಿಗಿ ಹಾಕಾಂವಲ್ಲ" ಎಂದವನೊಬ್ಬನಿಗೆ, "ಬೀಡಿ ಹಚ್ಚಾಕ ಹೋಗಿ ಮೀಸಿ ಸುಟ್ಕೊಂಡೀಯಲ್ಲ, ಅದು ಊರಿಗೆಲ್ಲಾ ಗೊತ್ತೈತಿ," ಎಂದಳಂತೆ. ಅವನೂ ಬಂದ.

ಕ್ಯಾಂಪಿನ ದಿನ ಬಂತು. ಯಮನಮ್ಮ ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿದಿದ್ದಳು. ಬಲಗಣ್ಣಿನ ಮಂಜು ಈಗ ದಟ್ಟವಾಗಿತ್ತು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಡೆಯುತ್ತಿದ್ದಳು. ಬೆಳಿಗ್ಗೆ ಹಾಲಿನಲ್ಲಿ ಕುರ್ಚಿ, ಯಂತ್ರ, ಅಕ್ಷರದ ಬೋರ್ಡು ಎಲ್ಲ ಬಂದು ಕೂತವು. ನಮ್ಮ ಕ್ಯಾಂಪಿನ ಹಿರಿಯರು, ಪಕ್ಕದ ಊರು ಮುಕ್ಕುಂದದ ಕೆಲವರು ಬೇಗ ಬಂದು ತೋರಿಸಿಕೊಂಡರು. ವೆಂಕಾಯಮ್ಮ ಕಾಫಿ ಹಂಚುವ ನೆಪದಲ್ಲಿ ಓಡಾಡಿ ತಪ್ಪಿಸಿಕೊಳ್ಳುತ್ತಿದ್ದರು. ಆಮೇಲೆ ಯಾರೂ ಬರಲಿಲ್ಲ.

ಯಮನಮ್ಮ ಹಾಲಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಡಾಕ್ಟರಮ್ಮ ತಾವೇ ಬಂದು ಕರೆದರು.

"ಬಾಮ್ಮಾ, ನಿನ್ನ ಕಣ್ಣಾದರೂ ನೋಡ್ತೀನಿ."

"ನಂದು ಕಡೀಗಿರಲ್ರೀ. ಕರದಾಕಿ ಮೊದಲ ಉಂಡ್ರ ಬಂದವರು ಏನು ತಿಳಕೋಬೇಕು?"

"ಬಂದವರು ಎಲ್ಲಿದ್ದಾರಮ್ಮಾ?"

ಆಕೆ ರಸ್ತೆಯ ಕಡೆ ಕಿವಿ ಕೊಟ್ಟಳು. ಸಿಂಧನೂರಿನಿಂದ ಬರಬೇಕಾದ ಬಸ್ಸಿನ ಹೊತ್ತು ಮೀರಿ ಹೋಗಿತ್ತು. ರಫೀಕನ ಫೋನು ಹತ್ತುತ್ತಿರಲಿಲ್ಲ. ಅನಿಲಕುಮಾರ ಒಳಗೆ ಹೊರಗೆ ಓಡಾಡಿದ, ಗಡಿಯಾರ ನೋಡಿದ, ಯಮನಮ್ಮನ ಮುಖ ನೋಡಿ ಮತ್ತೆ ಒಳಗೆ ಹೋದ. ಕೊನೆಗೆ ಆಳು ಅಕ್ಷರದ ಬೋರ್ಡನ್ನು ಗೋಡೆಯಿಂದ ಇಳಿಸಿದ ಸದ್ದು ಕೇಳಿತು.

"ಎತ್ತಾಕತ್ತ್ಯಾರೇನು ತಂಗಿ?" ಯಮನಮ್ಮ ನನ್ನನ್ನು ಕೇಳಿದಳು.

ನಾನು ಇಲ್ಲ ಅನ್ನಲಿಲ್ಲ. ಸುಳ್ಳು ಹೇಳಿದರೆ ಆಕೆಯ ಕಿವಿಗೆ ಗೊತ್ತಾಗುತ್ತಿತ್ತು. ಅಂಬಾದೇವಿಯನ್ನು ನೆನೆದೆ. ಬೇಡಲು ಹೆಚ್ಚೇನೂ ಇರಲಿಲ್ಲ, ಒಂದು ಬಸ್ಸು ಬೇಕಾಗಿತ್ತು.

ಆಕೆಗೇ ಮೊದಲು ಕೇಳಿಸಿತು. ತಲೆ ಎತ್ತಿದಳು. ಆಮೇಲೆ ನನಗೂ ಹಾರ್ನು ಕೇಳಿತು, ಬಿಡದೆ, ಮದುವೆ ದಿಬ್ಬಣದ ಬಸ್ಸಿನ ಹಾಗೆ. ಕಾಲುವೆಯ ಸೇತುವೆ ದಾಟಿ ಬಸ್ಸು ಒಂದು ಮಗ್ಗುಲಿಗೆ ವಾಲಿಕೊಂಡು ಬಂತು. ಬಾಗಿಲಲ್ಲಿ ಜೋತುಬಿದ್ದ ರಫೀಕ್ ಕೂಗುತ್ತಿದ್ದ.

"ಕಣ್ಣಿನ ಕ್ಯಾಂಪ್! ಕಣ್ಣಿನ ಕ್ಯಾಂಪ್! ಇಳೀರಿ, ನಿಧಾನಕ್ಕ, ಒಬ್ಬರ ಕೈ ಒಬ್ಬರು ಹಿಡೀರಿ!"

ಮಸ್ಕಿಯ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿತ್ತಂತೆ. ರಫೀಕ್ ತನ್ನ ಬಸ್ಸನ್ನು ಸಿಂಧನೂರಿನ ಸ್ಟ್ಯಾಂಡಿನಲ್ಲೇ ನಿಲ್ಲಿಸಿಕೊಂಡು, ಡ್ರೈವರನ ಬೈಗುಳ, ಪ್ಯಾಸೆಂಜರುಗಳ ಕೂಗಾಟ, ಮೇಲಿನವರ ಗದರಿಕೆ ಎಲ್ಲ ಕೇಳಿಸಿಕೊಂಡು ಆ ಬಸ್ಸಿಗೆ ಕಾದಿದ್ದ. ಪಾಮನಕಲ್ಲೂರಿನವರು, ಮಸ್ಕಿಯವರು, ಲಿಂಗಸುಗೂರಿನ ಕಡೆಯವರು ಇಳಿಯುತ್ತಲೇ ಇದ್ದರು. ಕೆಲವರು ಕನ್ನಯ್ಯ ಕ್ಯಾಂಪ್ ಎಂದು ಕೇಳಿಕೊಂಡು ಹತ್ತಿದ್ದರು. ಬಹಳ ಜನ ಕಣ್ಣಿನ ಕ್ಯಾಂಪ್ ಎಂದೇ ಕೇಳಿದ್ದರು. ಹೇಗೆ ಹೇಳಿದ್ದರೂ ಬಂದು ಇಳಿದದ್ದು ಒಂದೇ ಕಡೆ.

"ಯಮನೀ, ಎಲ್ಲಿ ಅದೀ ಬೇ?" ಹುಸೇನಮ್ಮ ಕೂಗಿದಳು.

"ಇಲ್ಲೇ ಅದೀನಿ ಬಾರಬೇ. ಕ್ಯಾಂಪ್ ಎಲ್ಲಿಗೂ ಹೋಗಿಲ್ಲ."

ಅನಿಲಕುಮಾರ ತಾನೇ ಓಡಿಹೋಗಿ ಅಕ್ಷರದ ಬೋರ್ಡನ್ನು ಮತ್ತೆ ಮೊಳೆಗೆ ಹಾಕಿದ. ಅಷ್ಟು ಜನರ ಕಣ್ಣು ನೋಡುವುದರಲ್ಲಿ ಸಂಜೆಯಾಯಿತು. ಯಮನಮ್ಮ ಕೊನೆಯವಳಾಗಿಯೇ ಒಳಗೆ ಹೋದಳು. ಅಲ್ಲ, ಕೊನೆಯವರು ವೆಂಕಾಯಮ್ಮ. ಯಮನಮ್ಮ ಅವರ ಸೆರಗು ಹಿಡಿದು ಎಳೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂರಿಸಿದಳು. "ಬಯಲಿಗೆ ಇಳದಾಂವ ಚಾಂಪಿಯನ್ ಅಂತ ಮೇಡಂ ಹೇಳ್ಯಾರಲ್ಲ, ಇಳೀರಿ."

ಡಾಕ್ಟರಮ್ಮ ಯಮನಮ್ಮನ ಎಡಗಣ್ಣನ್ನು ಬಹಳ ಹೊತ್ತು ನೋಡಿದರು. ಇದರ ಬಗ್ಗೆ ಮಾತು ಕೊಡಲಾರೆ, ಬಲಗಣ್ಣು ಮಾತ್ರ ಉಳಿಯುತ್ತದೆ ಎಂದರು. ಆಕೆ ತಲೆಯಾಡಿಸಿದಳು. ಮರುದಿನ ಆಸ್ಪತ್ರೆಯ ವಾಹನ ಬಂದು ಆಪರೇಷನ್ ಬೇಕಾದವರನ್ನೆಲ್ಲ ಕರೆದುಕೊಂಡು ಹೋಯಿತು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಅಂಗಡಿಯಲ್ಲಿದ್ದೆ. ಬಸ್ಸು ಬಂದು ನಿಂತಿತು. "ಕಣ್ಣಿನ ಕ್ಯಾಂಪ್!" ಎಂದು ರಫೀಕ್ ಕೂಗಿದ. ಅವನು ಈಗ ದಿನವೂ ಹಾಗೆಯೇ ಕೂಗುತ್ತಾನೆ. ಬೇರೆ ಕಂಡಕ್ಟರುಗಳಿಗೂ ಅದೇ ರೂಢಿಯಾಗಿದೆ. ಹೊಸಬರು ಬಂದು ಬೋರ್ಡು ನೋಡಿ, ಬರೆದವರು ತಪ್ಪು ಮಾಡಿದ್ದಾರೆ ಅನ್ನುತ್ತಾರೆ.

ಯಮನಮ್ಮ ಇಳಿದಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಇಳಿದವಳು ತಿರುಗಿ ನಿಂತು ರಫೀಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀನೇನಲೇ ರಫೀಕ? ಆಸ್ಪತ್ರಿಯಿಂದ ಬರೋ ಮುಂದ ಕಪ್ಪು ಕನ್ನಡಕದಾಗ ಕಂಡೇ ಇರಲಿಲ್ಲ. ದನಿ ಕೇಳಿ ಮುದುಕ ಅನಕೊಂಡಿದ್ದೆ. ಇನ್ನಾ ಮೀಸೀನ ಬಲಿತಿಲ್ಲ!"

"ಕಣ್ಣು ಬಂದಿದ್ದ ತಡಾ, ಬೈಯಾಕ ಹತ್ತಿದ್ರಿ ನೋಡ್ರಿ," ಎಂದು ರಫೀಕ್ ಸೀಟಿ ಊದಿದ.

ಎಡಗಣ್ಣಿಗೆ ಬೆಳಕು, ನೆರಳು ಅಷ್ಟೇ ತಿಳಿಯುತ್ತದೆ. ಬಲಗಣ್ಣು ಸ್ವಚ್ಛವಾಗಿದೆ. ನಾನು ಎಡಗಣ್ಣಿನ ಬಗ್ಗೆ ಏನೋ ಹೇಳಲು ಹೋದೆ. "ಸೂಜೀಗೆ ಎಷ್ಟು ಕಣ್ಣು ಇರ್ತಾವು ತಂಗಿ? ಒಂದ," ಎಂದು ಮಾತು ಮುಗಿಸಿದಳು.

ಗಂಟಿನಲ್ಲಿ ಒಂದು ಕೌದಿ ಇತ್ತು. ಕ್ಯಾಂಪಿಗೆ ಬಂದ ಹೆಂಗಸರೆಲ್ಲ ಒಂದೊಂದು ಸೀರೆಯ ತುಂಡು ಕೊಟ್ಟಿದ್ದರು, ಹುಸೇನಮ್ಮನ ಹಸಿರು, ತವರಿನ ಅತ್ತಿಗೆಯ ಕೆಂಪು, ವೆಂಕಾಯಮ್ಮನ ಹಳದಿ. ರಾಮಾಲಯದ ಹಾಲಿನಲ್ಲಿ ಹಾಸಲು ಎಂದು ಹೊಲಿದು ತಂದಿದ್ದಳು. ಒಂದು ಮೂಲೆಯನ್ನು ಮಾತ್ರ ಹೊಲಿಯದೆ ಬಿಟ್ಟಿದ್ದಳು. ಕೌದಿ ಮುಗಿಸುವಾಗ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ಆಕೆಯ ಪದ್ಧತಿ. ಹಸಿದ ಕೌದಿ ಚಳಿ ತಡೆಯುವುದಿಲ್ಲವಂತೆ.

"ರೊಟ್ಟಿ ತರಲೇನು?" ಎಂದೆ.

"ಬ್ಯಾಡ. ಇದು ಈ ಊರಿನ ಕೌದಿ. ಈ ಊರಿನ ಹೊಲದ್ದ ಉಣ್ಣಲಿ."

ಕೌದಿ ನೋಡಲು ರೂಪಾಳ ಜೊತೆ ಬಂದಿದ್ದ ವೆಂಕಾಯಮ್ಮ ಮನೆಯಿಂದ ಹಿಡಿ ಅಕ್ಕಿ ತಂದರು. ಈ ಊರಿನ ಎಂದು ಆಕೆ ಅಂದದ್ದು ಅವರ ಕಿವಿಗೆ ಬಿದ್ದಿತ್ತು. ಅಕ್ಕಿ ಹಾಕುವಾಗ ಆಕೆಯ ಮುಖವನ್ನೇ ನೋಡುತ್ತಿದ್ದರು, ಕಾಳು ಬೆಂಚಿನ ಮೇಲೆಲ್ಲ ಚೆಲ್ಲಿತು. ಯಮನಮ್ಮ ಒಂದೊಂದಾಗಿ ನೋಡಿ ಆರಿಸಿ ಮೂಲೆಯೊಳಗೆ ಹಾಕಿದಳು. ಆಮೇಲೆ ಬಟ್ಟೆಯಿಂದ ಸೂಜಿ ಎಳೆದಳು.

ರೂಢಿಯಂತೆ ನಾನು ಕೈ ಚಾಚಿದೆ. ರೂಪಾಳೂ ಚಾಚಿದಳು. ಹೊಸ ಕನ್ನಡಕ ಹಾಕಿಕೊಂಡ ವೆಂಕಾಯಮ್ಮನೂ "ಇಲ್ಲಿ ಕೊಡಮ್ಮಾ" ಎಂದರು.

"ಬಿಡ್ರೇ, ಎಲ್ಲಾರೂ ನಡುವ ಬರ್ತೀರಿ," ಎಂದಳು ಯಮನಮ್ಮ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ಬೆಳಕಿನ ಕಡೆ ಎತ್ತಿ ಹಿಡಿದು, ಒಂದೇ ಸಲಕ್ಕೆ ಪೋಣಿಸಿದಳು.